ಕರಿಬೇವಿಗೂ ಬೇಸಿಗೆ ರಜೆ

ನಮ್ಮಲ್ಲಿ ಕರಿಬೇವಿಗೆ ಯಾರೂ ಉಪಚಾರ ಮಾಡುವುದಿಲ್ಲ. ಹಿತ್ತಲಲ್ಲಿ ತನ್ನಷ್ಟಕ್ಕೆ ಬೆಳೆದಿರುತ್ತದೆ, ಒಗ್ಗರಣೆಗೆ ಬೇಕಾದಾಗ ಎರಡು ಎಸಳು ಕಿತ್ತುಕೊಂಡರಾಯಿತು. ಅಮೆರಿಕದ ಉತ್ತರದ ರಾಜ್ಯಗಳಲ್ಲೋ ಕೆನಡಾದಲ್ಲೋ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಮಾತ್ರ ಅದು ಕುಂಡದಲ್ಲಿ ಬೆಳೆಯುವ ಮುದ್ದಿನ ಕೂಸು. ಊರಿನಿಂದ ಹೊರಟ ಅಜ್ಜಿ ಒಂದು ಸಸಿಯನ್ನು ಪೆಟ್ಟಿಗೆಯಲ್ಲಿಟ್ಟು ಒಯ್ಯುವಂತೆಯೂ ಇಲ್ಲ. ಕಿತ್ತಳೆ, ನಿಂಬೆ ತೋಟಗಳಿಗೆ ರೋಗ ಹರಡುವ ಪುಟ್ಟ ಕೀಟವೊಂದು ಕರಿಬೇವಿನ ಮೇಲೂ ಬದುಕುತ್ತದೆ. 1998ರಲ್ಲಿ ಫ್ಲಾರಿಡಾದಲ್ಲಿ ಅದು ಕಾಣಿಸಿಕೊಂಡಿತು. 2005ರಲ್ಲಿ ಅದರ ಹಿಂದೆಯೇ ರೋಗವೂ ಬಂತು.

ಹೆಪ್ಪುಗಟ್ಟುವ ಚಳಿಗೆ ಹೆದರಿ ಗಿಡ ಐದಾರು ತಿಂಗಳು ಕಿಟಕಿಯ ಪಕ್ಕ ಕೂತಿರುತ್ತದೆ. ಎಲೆಯೆಲ್ಲ ಉದುರಿ ಕೆಲವೊಮ್ಮೆ ಬರೀ ಕಡ್ಡಿ ಉಳಿಯುತ್ತದೆ. ಸತ್ತಿತೆಂದು ಎಸೆಯುವವರೂ ಉಂಟು. ಉಗುರಿನಿಂದ ತೊಗಟೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ.

ಮೇ ತಿಂಗಳಲ್ಲಿ ಒಳ್ಳೆಯ ಬಿಸಿಲು ಬಿದ್ದ ದಿನ ಮನೆಯವರು ಉತ್ಸಾಹದಿಂದ ಕುಂಡವನ್ನು ಹೊರಗಿಡುತ್ತಾರೆ. ಕೆಲವೇ ದಿನಗಳಲ್ಲಿ, ಉಳಿದಿದ್ದ ಎಲೆಗಳ ಮೇಲೆ ಬಿಳಿಚಿದ, ಕಂದು ಬಣ್ಣದ ಕಲೆ! ಬಿಸಿಲ ನಾಡಿನ ಗಿಡವನ್ನು ಬಿಸಿಲೇ ಸುಡುವುದೆಂದರೇನು?

ಎಲೆ ತಾನು ಚಿಗುರಿದ ಜಾಗದ ಬೆಳಕಿಗೆ ತಕ್ಕಂತೆ ರೂಪುಗೊಳ್ಳುತ್ತದೆ. ಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಕಿಟಕಿಯಿಂದ ದೂರ ಸರಿದರೆ ಕೋಣೆಯ ಬೆಳಕು ಕೆಲವು ನೂರು ಲಕ್ಸ್ ಮಾತ್ರ. ಕಣ್ಣು ಹೊಂದಿಕೊಂಡುಬಿಡುವುದರಿಂದ ನಮಗೆ ಈ ಅಂತರ ತಿಳಿಯದು. ಮಂದ ಬೆಳಕಿನಲ್ಲಿ ಹುಟ್ಟಿದ ಎಲೆ ತೆಳು. ಸಿಕ್ಕ ಚೂರು ಬೆಳಕನ್ನೂ ಹಿಡಿಯುವುದೇ ಅದರ ಕಸುಬು. ಅದರ ಮೇಲೆ ಏಕಾಏಕಿ ಬಿಸಿಲು ಸುರಿದರೆ, ಆಹಾರ ತಯಾರಿಕೆಗೆ ಬಳಸಿ ಮಿಕ್ಕ ಶಕ್ತಿ ಪತ್ರಹರಿತ್ತನ್ನೇ ಹಾಳುಗೆಡವುತ್ತದೆ. ಸುಟ್ಟ ಜಾಗ ಮತ್ತೆ ಹಸಿರಾಗದು. ಹೊಸ ಚಿಗುರಿಗೇ ಕಾಯಬೇಕು.

ಅವಸರ ಬೇಡ. ರಾತ್ರಿಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದು ನಿಂತ ಮೇಲೆ ಗಿಡವನ್ನು ಮೊದಲು ಮರದ ನೆರಳಿನಲ್ಲಿ ನಾಲ್ಕು ದಿನ ಇಡಬೇಕು. ಆಮೇಲೆ ಬೆಳಗಿನ ಎಳೆಬಿಸಿಲು ಒಂದು ಗಂಟೆ, ಮರುದಿನ ಸ್ವಲ್ಪ ಹೆಚ್ಚು. ಎರಡು ವಾರದಲ್ಲಿ ಕರಿಬೇವು ಇಡೀ ದಿನದ ಬಿಸಿಲು ತಡೆಯುತ್ತದೆ. ಗಾಳಿಗೆ ಕುಂಡದ ಮಣ್ಣು ಬೇಗ ಒಣಗುವುದರಿಂದ ನೀರಿನ ಕಡೆಗೂ ಗಮನವಿರಲಿ. ಮನಿ ಪ್ಲಾಂಟಿನ ವಿಷಯ ಬೇರೆ. ಕಾಡಿನ ಮರಗಳಡಿ ಹಬ್ಬುವ ಆ ಬಳ್ಳಿಗೆ ಬೇಸಿಗೆಯುದ್ದಕ್ಕೂ ನೆರಳೇ ಸರಿ.

ಸೆಪ್ಟೆಂಬರಿನಲ್ಲಿ ರಾತ್ರಿಗಳು ತಣ್ಣಗಾಗುತ್ತಿದ್ದಂತೆ, ಎಲೆಗಳ ಅಡಿಯಲ್ಲಿ ಹುಳು ಹುಪ್ಪಟೆ ಇವೆಯೇ ಎಂದು ನೋಡಿ, ಗಿಡವನ್ನು ಒಳಗೆ ತರಬೇಕು. ಮತ್ತೆ ಎಲೆ ಉದುರಿದರೆ ಗಾಬರಿಯಾಗಿ ನೀರು ಸುರಿಯಬೇಡಿ, ಬೇರು ಕೊಳೆತೀತು.