ಹಾಡುವ ಮೊದಲು ಕಿವಿಗೊಡೋಣ: ತೀವ್ರವಾಗಿ ಅಸ್ವಸ್ಥರಾದ ಮಕ್ಕಳ ಮನೆಯಲ್ಲಿ ಸಂಗೀತ ಚಿಕಿತ್ಸೆ

ಕೆಲವು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳಲ್ಲಿ, ನಮ್ಮ ಚರ್ಚಿನ ಗಾಯನ ಮಂಡಳಿಯ ಹನ್ನೆರಡು ಮಂದಿ ಕ್ಯಾರಲ್ ಹಾಡಲು ಮನೆಮನೆಗೆ ಹೋಗಿದ್ದೆವು. ಒಂದು ಮನೆಯಲ್ಲಿ ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದ ಎಂಟು ವರ್ಷದ ಬಾಲಕನಿದ್ದ. ಇನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡು ಪ್ರಯೋಜನವಿಲ್ಲವೆಂದು ವೈದ್ಯರು ಮನೆಗೆ ಕಳುಹಿಸಿದ್ದರು. ಅವನಿಗೆ ಸಂತೋಷವಾಗಲಿ ಎಂದು ನಾವು ಗಿಟಾರ್, ಡ್ರಮ್ ಸಹಿತ ಮಂಚದ ಸುತ್ತ ನಿಂತು ಮೂರು ಹಾಡುಗಳನ್ನು ಗಟ್ಟಿಯಾಗಿ ಹಾಡಿದೆವು. ಎರಡನೆಯ ಹಾಡು ಮುಗಿಯುವ ಮೊದಲೇ ಅವನು ದಿಂಬನ್ನು ಕಿವಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದ. ಆದರೂ ನಾವು ಮೂರನೆಯದನ್ನು ಹಾಡಿಯೇ ಮುಗಿಸಿದೆವು.

ತಾಯಿ ನಮಗೆಲ್ಲ ಕುಸ್ವಾರ್ ಕೊಟ್ಟು, "ನೀವು ಬಂದದ್ದು ತುಂಬಾ ಸಂತೋಷ" ಎಂದರು. ಅಂಗಳಕ್ಕೆ ಇಳಿಯುವಾಗ ಅಜ್ಜಿ ಮೆಲ್ಲಗೆ ಹೇಳಿದರು: "ಅವನಿಗೆ ಈಗ ದೊಡ್ಡ ಶಬ್ದ ಆಗುವುದಿಲ್ಲ ಮಕ್ಕಳೇ. ತಂಗಿ ಲೋಟಕ್ಕೆ ಬೆರಳಿನಿಂದ ತಟ್ಟಿದರೆ ಅವನು ಮಂಚಕ್ಕೆ ತಟ್ಟುತ್ತಾನೆ. ಅಷ್ಟೇ ಅವನಿಗೆ ಬೇಕಾದದ್ದು."

ತಪಸ್ಸುಕಾಲ ಆರಂಭವಾಗುವ ಮೊದಲೇ ಆ ಬಾಲಕ ತೀರಿಕೊಂಡ. ನಾವು ಹೋದದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಅವನಿಗೆ ಏನು ಬೇಕು ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಆ ಮನೆಯ ಪುಟ್ಟ ತಂಗಿಗೆ ತಿಳಿದಿದ್ದ ಸಂಗತಿಯನ್ನೇ ಕಲಿತು, ಅದನ್ನೇ ವೃತ್ತಿಯಾಗಿಸಿಕೊಂಡವರು ಲೋಕದಲ್ಲಿ ಇದ್ದಾರೆ ಎಂಬುದು ನಮಗೆ ತಿಳಿದದ್ದು ಅನಂತರ. ಅವರನ್ನು ಸಂಗೀತ ಚಿಕಿತ್ಸಕರು ಎನ್ನುತ್ತಾರೆ. ಅಸ್ವಸ್ಥರ ಮನೆಗಳಿಗೆ ಭೇಟಿ ನೀಡುವ ನಮ್ಮೆಲ್ಲರಿಗೂ ಉಪಯೋಗವಾಗಬಹುದೆಂದು ಅವರ ಕೆಲಸದ ಬಗ್ಗೆ ಇಲ್ಲಿ ಬರೆಯುತ್ತಿದ್ದೇವೆ.

ಸಂಗೀತ ಚಿಕಿತ್ಸೆ ಎಂದರೇನು?

ಇಂಥ ರೋಗಕ್ಕೆ ಇಂಥ ರಾಗ ಎಂದು ಕ್ಯಾಸೆಟ್ ಅಥವಾ ಸಿ.ಡಿ. ಹಾಕಿ ಕೇಳಿಸುವುದೇ ಸಂಗೀತ ಚಿಕಿತ್ಸೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಇಲ್ಲಿ ನಾವು ಹೇಳುತ್ತಿರುವುದು ಅದಲ್ಲ. ತರಬೇತಿ ಪಡೆದ ಒಬ್ಬ ವ್ಯಕ್ತಿ ರೋಗಿಯ ಬಳಿ ಕುಳಿತು, ಆ ಕ್ಷಣದಲ್ಲಿ ಆತನ ಉಸಿರು, ದನಿ, ಚಲನೆ ಹೇಗಿದೆಯೋ ಅದಕ್ಕೆ ತಕ್ಕಂತೆ ಆತನೊಡನೆ ಸೇರಿ ಸಂಗೀತ ಮಾಡುವುದೇ ಸಂಗೀತ ಚಿಕಿತ್ಸೆ. ಇಲ್ಲಿ ರೋಗಿ ಕೇವಲ ಶ್ರೋತೃವಲ್ಲ, ಜೊತೆಗಾರ.

ಇಂಗ್ಲೆಂಡಿನಲ್ಲಿ ಈ ವೃತ್ತಿಗೆ ಅಡಿಪಾಯ ಹಾಕಿದವರಲ್ಲಿ ಜೂಲಿಯೆಟ್ ಆಲ್ವಿನ್ ಪ್ರಮುಖರು. ಚೆಲ್ಲೊ ವಾದಕಿಯಾಗಿದ್ದ ಅವರು 1958ರಲ್ಲಿ ಇದಕ್ಕಾಗಿಯೇ ಒಂದು ಸಂಘ ಕಟ್ಟಿದರು. ಮರುವರ್ಷ, 1959ರಲ್ಲಿ, ಅಮೆರಿಕದ ಸಂಗೀತ ರಚನೆಕಾರ ಪಾಲ್ ನಾರ್ಡಾಫ್ ಮತ್ತು ಇಂಗ್ಲೆಂಡಿನ ವಿಶೇಷ ಮಕ್ಕಳ ಶಿಕ್ಷಕ ಕ್ಲೈವ್ ರಾಬಿನ್ಸ್ ಜೊತೆಯಾಗಿ ಕೆಲಸ ಆರಂಭಿಸಿದರು. ಮಗು ಅಳಲಿ, ಕಿರುಚಲಿ, ಮೇಜು ಬಡಿಯಲಿ, ಅದನ್ನೇ ಸಂಗೀತದ ಆರಂಭವೆಂದು ತೆಗೆದುಕೊಂಡು ಅದಕ್ಕೆ ಉತ್ತರವಾಗಿ ನುಡಿಸುವುದು ಅವರ ಕ್ರಮವಾಗಿತ್ತು. ಇಂದು ಬ್ರಿಟನ್ನಿನಲ್ಲಿ 'ಸಂಗೀತ ಚಿಕಿತ್ಸಕ' ಎಂಬ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಸ್ನಾತಕೋತ್ತರ ಶಿಕ್ಷಣ ಪಡೆದು, ಆರೋಗ್ಯ ವೃತ್ತಿಗಳ ಮಂಡಳಿಯಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ಆ ಹೆಸರನ್ನು ಬಳಸಬಹುದು.

ಗುಣಪಡಿಸಲಾಗದಿದ್ದರೂ ಆರೈಕೆ ಇದೆ

ವೈದ್ಯೆ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನಿನಲ್ಲಿ ಸಂತ ಕ್ರಿಸ್ಟೊಫರರ ಹೆಸರಿನ ಹಾಸ್ಪಿಸ್ ತೆರೆದರು. ರೋಗಿಯ ನೋವು ಕೇವಲ ದೇಹದ್ದಲ್ಲ, ಅದರಲ್ಲಿ ಮನಸ್ಸಿನ, ಕುಟುಂಬದ, ಆತ್ಮದ ನೋವೂ ಸೇರಿದೆ, ಎಲ್ಲವನ್ನೂ ಒಟ್ಟಿಗೆ ನೋಡಬೇಕು ಎಂದು ಅವರು ಕಲಿಸಿದರು. ಇದೇ ಉಪಶಾಮಕ ಆರೈಕೆಯ ಮೂಲ ವಿಚಾರ. ಮಕ್ಕಳಿಗಾಗಿಯೇ ಮೀಸಲಾದ ಮೊದಲ ಹಾಸ್ಪಿಸ್ ಆಂಗ್ಲಿಕನ್ ಸಭೆಯ ಸನ್ಯಾಸಿನಿಯೊಬ್ಬರ ಪ್ರಯತ್ನದಿಂದ 1982ರಲ್ಲಿ ಆಕ್ಸ್‌ಫರ್ಡಿನಲ್ಲಿ ಆರಂಭವಾಯಿತು. ಅದರ ಹೆಸರು ಹೆಲೆನ್ ಹೌಸ್. ಮಗುವನ್ನು ಮನೆಯಲ್ಲೇ ನೋಡಿಕೊಳ್ಳುವ ತಂದೆತಾಯಂದಿರಿಗೆ ಕೆಲವು ದಿನ ವಿಶ್ರಾಂತಿ ಸಿಗಲಿ ಎಂಬುದು ಅದರ ಮೊದಲ ಆಶಯವಾಗಿತ್ತು.

ಮಕ್ಕಳ ಉಪಶಾಮಕ ಆರೈಕೆ ಕೊನೆಯ ದಿನಗಳಿಗೆ ಮಾತ್ರ ಸೀಮಿತವಲ್ಲ. ಕಾಯಿಲೆ ಪತ್ತೆಯಾದ ದಿನದಿಂದಲೇ ಅದು ಆರಂಭವಾಗಬೇಕು, ಚಿಕಿತ್ಸೆಯ ಜೊತೆಜೊತೆಗೇ ಸಾಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಸ್ಪಷ್ಟಪಡಿಸಿತು. ಕ್ಯಾನ್ಸರ್ ಮಾತ್ರವಲ್ಲ, ಸ್ನಾಯುಗಳು ಕ್ಷೀಣಿಸುವ ರೋಗ, ಮೆದುಳು ಮತ್ತು ನರಗಳ ರೋಗ, ಹುಟ್ಟಿನಿಂದ ಬರುವ ತೀವ್ರ ತೊಂದರೆಗಳು ಇರುವ ಮಕ್ಕಳೂ ಇದರಲ್ಲಿ ಸೇರುತ್ತಾರೆ. ಇವರಲ್ಲಿ ಕೆಲವರು ಹಲವಾರು ವರ್ಷ ಬದುಕುತ್ತಾರೆ.

ಬ್ರಿಟನ್ನಿನ ಮಕ್ಕಳ ಹಾಸ್ಪಿಸ್‌ಗಳಿಗೆ ಸಂಗೀತ ಚಿಕಿತ್ಸೆ ಪ್ರವೇಶಿಸಿದ್ದರ ಹಿಂದೆ ಒಂದು ಕುಟುಂಬದ ದುಃಖವಿದೆ. ಒಂಬತ್ತು ವರ್ಷದ ಮಗಳನ್ನು ಮೆದುಳಿನ ಗೆಡ್ಡೆಯಿಂದ ಕಳೆದುಕೊಂಡ ಸಂಗೀತಗಾರ ದಂಪತಿ 1990ರ ದಶಕದ ಮಧ್ಯದಲ್ಲಿ ಅವಳ ಹೆಸರಿನಲ್ಲಿ 'ಜೆಸ್ಸೀಸ್ ಫಂಡ್' ಎಂಬ ನಿಧಿ ಸ್ಥಾಪಿಸಿದರು. ಅದರ ನೆರವಿನಿಂದ ಅನೇಕ ಹಾಸ್ಪಿಸ್‌ಗಳಲ್ಲಿ ಸಂಗೀತ ಚಿಕಿತ್ಸಕರು ನೇಮಕಗೊಂಡರು. ಅವರ ಅನುಭವಗಳನ್ನು ಸಂಗೀತ ಚಿಕಿತ್ಸಕಿ ಮೆರ್ಸಿಡಿಸ್ ಪಾವ್ಲಿಚೆವಿಕ್ 2005ರಲ್ಲಿ ಪುಸ್ತಕವಾಗಿ ಸಂಪಾದಿಸಿದ್ದಾರೆ. ಇಂಥ ಚಿಕಿತ್ಸಕರು ಮಕ್ಕಳ ಮನೆಗಳಿಗೂ ಹೋಗುತ್ತಾರೆ.

ಮನೆಯೊಳಗಿನ ಕೆಲಸ

ಆಸ್ಪತ್ರೆಯಲ್ಲಿ ಮಗು ಅತಿಥಿ. ಮನೆಯಲ್ಲಿ ಚಿಕಿತ್ಸಕಿಯೇ ಅತಿಥಿ. ಈ ವ್ಯತ್ಯಾಸ ಅವರ ಇಡೀ ಕೆಲಸವನ್ನು ಬದಲಾಯಿಸುತ್ತದೆ.

ಹೊರಡುವ ಮೊದಲು ಅವರು ಫೋನ್ ಮಾಡುತ್ತಾರೆ. ರಾತ್ರಿ ನಿದ್ರೆ ಬಂತೇ, ನೋವು ಎಲ್ಲಿದೆ, ಔಷಧ ಕೊಟ್ಟು ಎಷ್ಟು ಹೊತ್ತಾಯಿತು, ಇಂದು ಬರಬೇಕೇ ಬೇಡವೇ ಎಂದು ಕೇಳುತ್ತಾರೆ. ಕಿಮೊಥೆರಪಿ ಪಡೆದ ಮಗುವಿಗೆ ರೋಗನಿರೋಧಕ ಶಕ್ತಿ ಕಡಿಮೆ ಇರುವುದರಿಂದ ವಾದ್ಯಗಳನ್ನೆಲ್ಲ ಕ್ರಿಮಿನಾಶಕದಿಂದ ಒರೆಸುತ್ತಾರೆ. ಬಾಯಿಯಿಂದ ಊದುವ ವಾದ್ಯವನ್ನು ಒಬ್ಬರಿಂದ ಒಬ್ಬರಿಗೆ ಕೊಡುವುದಿಲ್ಲ. ತಮಗೆ ನೆಗಡಿ ಇದ್ದರೆ ಹೋಗುವುದೇ ಇಲ್ಲ.

ಒಳಗೆ ಬಂದ ಕೂಡಲೇ ನುಡಿಸುವುದಿಲ್ಲ. ಮಗುವಿನ ಕಣ್ಣಿನ ಮಟ್ಟಕ್ಕೆ ಕುಳಿತು ಸ್ವಲ್ಪ ಹೊತ್ತು ನೋಡುತ್ತಾರೆ. ಉಸಿರು ಎಷ್ಟು ವೇಗವಾಗಿದೆ? ಕೈ ಬಿಗಿದಿದೆಯೇ? ಮುಖ ಯಾವ ಕಡೆಗಿದೆ? ಬಳಿಕ ಎರಡು ವಾದ್ಯಗಳನ್ನು ತೋರಿಸಿ ಯಾವುದು ಬೇಕೆಂದು ಕೇಳುತ್ತಾರೆ. ಮಾತನಾಡಲಾಗದ ಮಗು ಕಣ್ಣಿನಿಂದ ಆರಿಸುತ್ತದೆ. ಎರಡೂ ಬೇಡವೆಂದು ಮುಖ ತಿರುಗಿಸಿದರೆ ಅದೂ ಉತ್ತರವೇ. ಚುಚ್ಚುಮದ್ದು, ರಕ್ತಪರೀಕ್ಷೆ, ಔಷಧ, ಯಾವುದಕ್ಕೂ 'ಬೇಡ' ಎನ್ನುವ ಅವಕಾಶವಿಲ್ಲದ ಮಗುವಿಗೆ ಇಲ್ಲಿ ಬೇಡ ಎನ್ನಬಹುದು. ಆ ಮಾತಿಗೆ ದೊಡ್ಡವರೊಬ್ಬರು ಬೆಲೆ ಕೊಡುತ್ತಾರೆ. ಚಿಕಿತ್ಸೆಯ ಒಂದು ದೊಡ್ಡ ಪಾಲು ಇದೇ.

ಒಂದೇ ಬೆರಳು ಅಲುಗಿಸಬಲ್ಲ ಮಗುವೂ ಸಂಗೀತ ಮಾಡಬಹುದು. 'ಸೌಂಡ್‌ಬೀಮ್' ಎಂಬ ಉಪಕರಣ ಗಾಳಿಯಲ್ಲಿ ಆಗುವ ಸಣ್ಣ ಚಲನೆಯನ್ನೂ ಗುರುತಿಸಿ ಅದನ್ನು ಸ್ವರವಾಗಿ ಮಾರ್ಪಡಿಸುತ್ತದೆ. ಮಗು ಬೆರಳೆತ್ತಿದಾಗ ಕೋಣೆಯಲ್ಲಿ ನಾದ ಕೇಳುತ್ತದೆ.

ಉಸಿರಿನ ಲಯ ಹಿಡಿದು

ಗಾಬರಿಯಿಂದ ವೇಗವಾಗಿ ಉಸಿರಾಡುವ ಮಗುವಿನ ಮುಂದೆ ನಾವು ಥಟ್ಟನೆ ನಿಧಾನವಾದ ಜೋಗುಳ ಹಾಡಿದರೆ ಅದು ಮಗುವಿಗೆ ತಲುಪುವುದಿಲ್ಲ. ಚಿಕಿತ್ಸಕರು ಮೊದಲು ಮಗುವಿನ ವೇಗಕ್ಕೇ ಹೊಂದಿಕೊಳ್ಳುತ್ತಾರೆ. ಎರಡೂ ಲಯ ಕೂಡಿದ ಮೇಲೆ ತಾವು ಸ್ವಲ್ಪಸ್ವಲ್ಪವೇ ನಿಧಾನಿಸುತ್ತಾರೆ. ಅನೇಕ ಬಾರಿ ಮಗುವೂ ಅವರೊಡನೆ ನಿಧಾನಿಸುತ್ತದೆ. ರೋಗಿ ಇರುವಲ್ಲಿಂದಲೇ ಸಂಗೀತ ಆರಂಭವಾಗಬೇಕು ಎಂಬ ಈ ತತ್ವವನ್ನು ಅಮೆರಿಕದ ಮನೋವೈದ್ಯ ಐರಾ ಆಲ್ಟ್‌ಶುಲರ್ 1940ರ ದಶಕದಲ್ಲಿ ಹೇಳಿದ್ದರು.

ಮನೆಯವರ ಹಾಡಿಗೆ ಇರುವ ಬೆಲೆಯೂ ಅಧ್ಯಯನದಿಂದ ತಿಳಿದಿದೆ. ಜೋಆನ್ ಲೋವಿ ಮತ್ತು ಸಂಗಡಿಗರು 11 ಆಸ್ಪತ್ರೆಗಳಲ್ಲಿ ಅವಧಿಗೆ ಮುನ್ನ ಹುಟ್ಟಿದ 272 ಶಿಶುಗಳ ಮೇಲೆ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ತಂದೆತಾಯಿ ತಾವೇ ಆರಿಸಿದ, ತಮಗೆ ಅರ್ಥವಿರುವ ಹಾಡನ್ನು ಜೋಗುಳದ ಲಯಕ್ಕೆ ತಂದು ಹಾಡಿದಾಗ ಶಿಶುಗಳಿಗೆ ಒಳಿತಾಯಿತು, ತಂದೆತಾಯಿಯ ಒತ್ತಡವೂ ಕಡಿಮೆಯಾಯಿತು. ಹಾಡುವವರ ಕಂಠ ಚೆನ್ನಾಗಿರಲೇಬೇಕೆಂದಿಲ್ಲ. ಕೊಂಕಣಿಯೋ ತುಳುವೋ ಕನ್ನಡವೋ, ಮಗು ತೊಟ್ಟಿಲಲ್ಲಿ ಕೇಳಿದ ಅಜ್ಜಿಯ ಹಾಡಿಗೆ ಹೊರಗಿನವರ ಯಾವ ಹಾಡೂ ಸಮನಲ್ಲ.

ಮನೆಮಂದಿಗೂ ಪಾಲು

ಮನೆಯಲ್ಲಿ ಒಂದು ಮಗು ತೀವ್ರ ಅಸ್ವಸ್ಥವಾದಾಗ ಉಳಿದ ಮಕ್ಕಳು ಮರೆತುಹೋಗುತ್ತಾರೆ. "ಗಲಾಟೆ ಮಾಡಬೇಡ, ಅಣ್ಣ ಮಲಗಿದ್ದಾನೆ" ಎಂಬ ಮಾತನ್ನೇ ಅವರು ದಿನವಿಡೀ ಕೇಳುತ್ತಾರೆ. ಸಂಗೀತ ಚಿಕಿತ್ಸಕಿ ಬಂದಾಗ ಅಣ್ಣತಂಗಿಯರು ಒಟ್ಟಿಗೆ ಕುಳಿತು ಆಡಬಹುದು. ಸ್ವಲ್ಪ ದೊಡ್ಡ ಮಕ್ಕಳು ತಾವೇ ಹಾಡು ಕಟ್ಟುತ್ತಾರೆ. ಬಾಯಿಬಿಟ್ಟು ಕೇಳಲಾಗದ ಪ್ರಶ್ನೆ, ಅಮ್ಮ ಅಳುವಳೆಂದು ಹೇಳದೆ ಉಳಿಸಿಕೊಂಡ ಭಯ ಆ ಹಾಡಿನಲ್ಲಿ ಬರುತ್ತದೆ. ಹಾಡನ್ನು ಮುದ್ರಿಸಿ ಮನೆಯವರಿಗೆ ಕೊಡುತ್ತಾರೆ. ಅಮೆರಿಕದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯಲ್ಲಿದ್ದಾಗ ಬ್ರಯನ್ ಶ್ರೆಕ್ ಎಂಬ ಚಿಕಿತ್ಸಕರು ಮಗುವಿನ ಎದೆಬಡಿತವನ್ನೇ ಮುದ್ರಿಸಿ, ಅದರ ಲಯದ ಮೇಲೆ ಮಗುವಿನ ಇಷ್ಟದ ಹಾಡನ್ನು ಸೇರಿಸಿ ಪೋಷಕರಿಗೆ ಕೊಟ್ಟಿದ್ದಾರೆ.

ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಕ್ಯಾತ್ರಿನ್ ಲಿಂಡೆನ್‌ಫೆಲ್ಸರ್ ಮತ್ತು ಸಂಗಡಿಗರು ಮಕ್ಕಳನ್ನು ಕಳೆದುಕೊಂಡ ಏಳು ಮಂದಿ ಪೋಷಕರನ್ನು ಮಾತನಾಡಿಸಿ 2008ರಲ್ಲಿ ವರದಿ ಪ್ರಕಟಿಸಿದರು. ಕಷ್ಟದ ನಡುವೆಯೂ ಪರಿಸ್ಥಿತಿಯನ್ನು ಬೇರೆ ಕಣ್ಣಿನಿಂದ ನೋಡಲು ಸಂಗೀತ ನೆರವಾಯಿತು, ಮಗುವಿನ ನೆನಪುಗಳಲ್ಲಿ ಅದು ಮುಖ್ಯವಾಗಿ ಉಳಿಯಿತು ಎಂದು ಆ ಪೋಷಕರು ಹೇಳಿದರು. ಏಳು ಮಂದಿಯ ಮಾತಿನಿಂದ ಎಲ್ಲವೂ ಸಾಬೀತಾಗುವುದಿಲ್ಲ. ಆದರೆ ಅದು ಆ ದಾರಿಯಲ್ಲಿ ನಡೆದವರ ಮಾತು.

ಸಂಗೀತದಿಂದ ಆಗದ್ದು

ಸಂಗೀತ ಕ್ಯಾನ್ಸರನ್ನು ಗುಣಪಡಿಸುವುದಿಲ್ಲ. ಅದು ನೋವಿನ ಔಷಧಕ್ಕೆ ಬದಲಿಯೂ ಅಲ್ಲ. ನೋವಿನಿಂದ ನರಳುವ ಮಗುವಿಗೆ ಮೊದಲು ಬೇಕಾದುದು ವೈದ್ಯರು ಮತ್ತು ಸರಿಯಾದ ಔಷಧ, ಅಗತ್ಯವಿದ್ದರೆ ಮಾರ್ಫಿನ್. ರೋಗಿಗಳಿಗೆ ಮಾರ್ಫಿನ್ ಸಿಗುವುದು ಸುಲಭವಾಗಲೆಂದು ನಮ್ಮ ದೇಶದ ಕಾನೂನಿಗೆ 2014ರಲ್ಲಿ ತಿದ್ದುಪಡಿ ಮಾಡಲಾಗಿದೆ. ಮಗುವಿನ ನೋವನ್ನು ಸಹಿಸಿಕೊಳ್ಳಲೇಬೇಕು ಎಂದು ಯಾವ ಮನೆಯವರೂ ತಿಳಿಯಬಾರದು.

ತಪ್ಪಾದ ಸಂಗೀತದಿಂದ ತೊಂದರೆಯೂ ಆಗಬಹುದು. ಸಿಸ್ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧ ಕೆಲವು ಮಕ್ಕಳ ಶ್ರವಣಶಕ್ತಿಗೆ ಹಾನಿ ಮಾಡುತ್ತದೆ. ಮೊದಲು ಕೇಳದಾಗುವುದು ಎತ್ತರದ ಸ್ವರಗಳು. ಮೆದುಳಿನ ತೊಂದರೆ ಇರುವ ಕೆಲವು ಮಕ್ಕಳು ಹಠಾತ್ ಶಬ್ದಕ್ಕೆ ಬೆಚ್ಚಿಬೀಳುತ್ತಾರೆ. ತರಬೇತಿ ಬೇಕೆನ್ನುವುದು ಇದಕ್ಕಾಗಿಯೇ.

ನಾವು ಏನು ಮಾಡಬಹುದು?

ತರಬೇತಿ ಪಡೆದ ಸಂಗೀತ ಚಿಕಿತ್ಸಕರು ನಮ್ಮ ದೇಶದಲ್ಲಿ ಕಡಿಮೆ. ಆದರೆ ಮನೆಗೆ ಹೋಗಿ ಆರೈಕೆ ಮಾಡುವ ಪರಂಪರೆ ನಮ್ಮ ನೆರೆಯಲ್ಲೇ ಇದೆ. ಕೇರಳದ ಕೋಳಿಕೋಡಿನಲ್ಲಿ 1993ರಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಕೆಲಸ ಊರವರನ್ನೇ ಸ್ವಯಂಸೇವಕರನ್ನಾಗಿ ಮಾಡಿ ರಾಜ್ಯದಾದ್ಯಂತ ಹರಡಿತು. ನಮ್ಮ ವಾರ್ಡುಗಳಲ್ಲೂ ಗುರಿಕಾರರಿಗೆ, ಧರ್ಮಭಗಿನಿಯರಿಗೆ ಪ್ರತಿ ಮನೆಯ ಪರಿಚಯವಿದೆ. ನಾವು ಚಿಕಿತ್ಸಕರೆಂದು ಹೇಳಿಕೊಳ್ಳುವುದು ಬೇಡ. ಅವರಿಂದ ಕೆಲವನ್ನು ಕಲಿತರೆ ಸಾಕು:

- ಮೊದಲು ಫೋನ್ ಮಾಡಿ ಕೇಳಿ. 'ಇಂದು ಬೇಡ' ಎಂದರೆ ಬೇಸರಪಡಬೇಡಿ.
- ಇಬ್ಬರು ಅಥವಾ ಮೂವರು ಮಾತ್ರ ಹೋಗಿ. ಶೀತ, ಕೆಮ್ಮು ಇರುವವರು ಹೋಗಬೇಡಿ. ಕೈ ತೊಳೆದು ಒಳಗೆ ಹೋಗಿ.
- ನಿಂತು ಹಾಡಬೇಡಿ, ಕುಳಿತುಕೊಳ್ಳಿ. ಯಾವ ಹಾಡು ಬೇಕೆಂದು ಮಗುವನ್ನೇ ಕೇಳಿ. ಅದು ಸಿನಿಮಾ ಹಾಡಾದರೂ ಸರಿಯೇ.
- ಮಗು ಮುಖ ತಿರುಗಿಸಿದರೆ ಹಾಡಿನ ನಡುವೆಯಾದರೂ ನಿಲ್ಲಿಸಿ. ಮೌನವಾಗಿ ಕುಳಿತಿರುವುದೂ ಭೇಟಿಯೇ.
- ಅಣ್ಣ, ಅಕ್ಕ, ತಮ್ಮ, ತಂಗಿಯರನ್ನು ಹೆಸರು ಹಿಡಿದು ಮಾತನಾಡಿಸಿ.
- ಮಗು ತೀರಿಕೊಂಡ ಮೇಲೂ ಆ ಮನೆಗೆ ಹೋಗುವುದನ್ನು ಬಿಡಬೇಡಿ.

ನಮ್ಮ ಗಾಯನ ಮಂಡಳಿ ಈಗಲೂ ಡಿಸೆಂಬರಿನಲ್ಲಿ ಮನೆಮನೆಗೆ ಹೋಗುತ್ತದೆ. ಅಸ್ವಸ್ಥರಿರುವ ಮನೆಗಳಿಗೆ ಮಾತ್ರ ಬೇರೆ ದಿನ, ಮೊದಲೇ ಕೇಳಿಕೊಂಡು, ಡ್ರಮ್ ಇಲ್ಲದೆ ಮೂವರು ಹೋಗುತ್ತೇವೆ. ಆ ಬಾಲಕನ ತಂಗಿ ಈಗ ಹೈಸ್ಕೂಲಿನಲ್ಲಿದ್ದಾಳೆ, ನಮ್ಮ ಮಂಡಳಿಯಲ್ಲಿ ಹಾಡುತ್ತಾಳೆ. ಆ ಮೂವರಲ್ಲಿ ಒಬ್ಬಳಾಗಿ ಹೋಗಲು ಒಪ್ಪುತ್ತೀಯಾ ಎಂದು ಕಳೆದ ವರ್ಷ ಕೇಳಿದೆವು. ಅವಳು ಒಪ್ಪಿದಳು.