ಕೆಂಟಕಿಯ ಹುಡುಗರು ಸೋತುದೇಕೆ?

ಕಾಲೇಜು ಹುಡುಗರ ಪಂದ್ಯವೊಂದನ್ನು ನೋಡಲು ಇಪ್ಪತ್ತು ಸಾವಿರ ಜನರು ಹಣ ತೆತ್ತು ಸೇರುವರೆಂದರೆ ನಮ್ಮಲ್ಲಿ ನಂಬುವವರು ವಿರಳ. ಅಮೇರಿಕೆಯ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ನಗರದಲ್ಲಿ ಇದು ಪ್ರತಿ ಚಳಿಗಾಲದ ನೋಟ. ಅಲ್ಲಿಯ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡವು 1948ರಿಂದ 2012ರವರೆಗೆ ಎಂಟು ಬಾರಿ ರಾಷ್ಟ್ರದ ಅಗ್ರಪಟ್ಟವನ್ನು ಗೆದ್ದಿದೆ. ಊರಿನವರ ಪಾಲಿಗೆ ಆ ತಂಡವೆಂದರೆ ಮನೆದೇವರಿದ್ದ ಹಾಗೆ. ಇಂತಹ ತಂಡವು 2020-21ರ ಋತುವಿನಲ್ಲಿ ಇಪ್ಪತ್ತೈದು ಪಂದ್ಯಗಳನ್ನಾಡಿ ಒಂಬತ್ತನ್ನು ಮಾತ್ರ ಗೆದ್ದು ಹದಿನಾರನ್ನು ಸೋತಿತು. 1926-27ರ ತರುವಾಯ ಅದಕ್ಕೆ ಇಷ್ಟು ಹೀನವಾದ ಫಲ ದೊರೆತಿರಲಿಲ್ಲ. ಆಟ ಬಾರದ ಹುಡುಗರಾಗಿದ್ದರೆ ಇದನ್ನು ಬರೆಯಬೇಕಾದ ಪ್ರಮೇಯವೇ ಇರಲಿಲ್ಲ. ಋತು ಆರಂಭವಾಗುವ ಮುನ್ನ ಪತ್ರಕರ್ತರು ದೇಶದ ನೂರಾರು ಕಾಲೇಜುಗಳ ನಡುವೆ ಅದಕ್ಕೆ ಹತ್ತನೆಯ ಸ್ಥಾನವನ್ನು ಕೊಟ್ಟಿದ್ದರು!

ಮುಂಬಯಿಯ ನಾಗಪಾಡದ ಕಡೆ ಓಡಾಡಿದ ವಾಚಕರಿಗೆ ಈ ಆಟದ ಪರಿಚಯ ಹೇಳಬೇಕಾದುದಿಲ್ಲ. ಇತರರಿಗಾಗಿ ಎರಡು ಮಾತು. 1891ರಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ ವೈ.ಎಂ.ಸಿ.ಎ. ಶಿಕ್ಷಕರಾಗಿದ್ದ ಜೇಮ್ಸ್ ನೈಸ್ಮಿತ್ ಎಂಬವರು, ಚಳಿಗಾಲದಲ್ಲಿ ಹುಡುಗರು ಸೂರಿನ ಕೆಳಗೆ ಆಡಲೆಂದು ಹಣ್ಣಿನ ಬುಟ್ಟಿಗಳೆರಡನ್ನು ಎತ್ತರದಲ್ಲಿ ಕಟ್ಟಿ ಇದನ್ನು ಹುಟ್ಟಿಸಿದರು. ಪಕ್ಷಕ್ಕೆ ಐವರು. ಅಂಗಳ ಚಿಕ್ಕದು, ಓಟ ಬಿರುಸು. ಚೆಂಡು ಕೈಗೆ ಬಂದ ಕ್ಷಣದಲ್ಲಿ ಉಳಿದ ನಾಲ್ವರು ಎಲ್ಲಿರುವರೆಂದು ಕಣ್ಣಾಡಿಸಿ ನೋಡುವಷ್ಟು ಸಮಯವಿರುವುದಿಲ್ಲ, ನೋಡದೆಯೇ ತಿಳಿದಿರಬೇಕು. ಈ ತಿಳಿವು ಒಟ್ಟಿಗೆ ಆಡಿ ಆಡಿಯೇ ಬರತಕ್ಕದ್ದು. ಕೆಂಟಕಿಗೆ ಇಲ್ಲದೆ ಹೋದುದು ಇದೇ.

ಹೇಗೆ ಇಲ್ಲದೆ ಹೋಯಿತೆಂದು ತಿಳಿಯಬೇಕಾದರೆ ಅಲ್ಲಿಯ ಒಂದು ನಿಯಮವನ್ನು ಗಮನಿಸಬೇಕು. ಎನ್.ಬಿ.ಎ. ಎಂಬುದು ಹಣಕ್ಕಾಗಿ ಆಡುವ ವೃತ್ತಿ ಆಟಗಾರರ ಕೂಟ. ಹೈಸ್ಕೂಲು ಮುಗಿಸಿದ ಅಮೇರಿಕನ್ ಹುಡುಗನು ಒಂದು ವರುಷವಾದರೂ ಕಾಯದ ಹೊರತು ಅವನನ್ನು ಆ ಕೂಟಕ್ಕೆ ಆರಿಸಬಾರದೆಂದು 2006ರಿಂದ ಕಟ್ಟಳೆಯಾಯಿತು. ಲಕ್ಷಗಟ್ಟಲೆ ಡಾಲರುಗಳ ಸಂಬಳ ಅಲ್ಲಿ ಕಾದಿರುವಾಗ ಬಡಮನೆಯ ಹುಡುಗನು ಪದವಿಯ ಕಾಗದಕ್ಕಾಗಿ ನಾಲ್ಕು ವರುಷ ಕುಳಿತಾನೆಯೆ? ಕಾಲೇಜಿನಲ್ಲಿ ಆ ಒಂದು ವರುಷವನ್ನು ಕಳೆದು ಹೊರಟುಬಿಡುವನು. ಅವನನ್ನು ದೂರುವಂತಿಲ್ಲ.

2009ರಲ್ಲಿ ಕೆಂಟಕಿಗೆ ಬಂದ ತರಬೇತುದಾರ ಜಾನ್ ಕ್ಯಾಲಿಪರಿಯವರು ಇದನ್ನೇ ತಮ್ಮ ವಿದ್ಯೆಯನ್ನಾಗಿ ಮಾಡಿಕೊಂಡರು. ದೇಶದ ಅತ್ಯುತ್ತಮ ಹುಡುಗರನ್ನು ತರುವುದು, ಒಂದು ವರುಷ ಆಡಿಸುವುದು, ಬೀಳ್ಕೊಡುವುದು, ಮತ್ತೆ ಹೊಸಬರನ್ನು ತರುವುದು. 2012ರಲ್ಲಿ ಆಂಥನಿ ಡೇವಿಸ್ ಎಂಬ ಮೊದಲ ವರುಷದ ಹುಡುಗನ ಬಲದಿಂದ ಪಟ್ಟ ದೊರೆಯಿತು. 2014-15ರಲ್ಲಿ ಒಂದೇ ಸಮನೆ ಮೂವತ್ತೆಂಟು ಪಂದ್ಯಗಳನ್ನು ಗೆದ್ದು, ಮೂವತ್ತೊಂಬತ್ತನೆಯದರಲ್ಲಿ ವಿಸ್ಕಾನ್ಸಿನ್ ತಂಡಕ್ಕೆ ಸೋತರು. ಫಲ ಬರುತ್ತಿದ್ದಾಗ ಯಾರೂ ಒಂದು ಸಂಗತಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. 2012ರ ತಂಡದಲ್ಲಿ ಡೇವಿಸನ ಜತೆಗೆ ನಾಲ್ಕನೆಯ ವರುಷದ ಡೇರಿಯಸ್ ಮಿಲ್ಲರನೂ, ಎರಡನೆಯ ವರುಷದ ಡೊರಾನ್ ಲ್ಯಾಂಬ್, ಟೆರೆನ್ಸ್ ಜೋನ್ಸರೂ ಇದ್ದರು. ಹೊಸಬರು ದಾರಿ ತಪ್ಪಿದಾಗ ಕೈಹಿಡಿಯಲು ಹಳಬರಿದ್ದರು.

2020ರಲ್ಲಿ ಹಾಗೆ ಕೈಹಿಡಿಯುವವರು ಉಳಿಯಲಿಲ್ಲ. ಹಿಂದಿನ ಋತುವಿನಲ್ಲಿ 25 ಗೆದ್ದು ಆರನ್ನು ಮಾತ್ರ ಸೋತಿದ್ದ ತಂಡದಿಂದ ಕ್ವಿಕ್ಲಿ, ಮ್ಯಾಕ್ಸಿ, ರಿಚರ್ಡ್ಸ್, ಹೇಗನ್ಸ್, ಮಾಂಟ್‌ಗಮರಿ ಎಂಬ ಐವರೂ ವೃತ್ತಿ ಆಟವನ್ನು ಬಯಸಿ ಹೊರಟರು. ಆ ತಂಡದಲ್ಲಿ ಹೇಳಿಕೊಳ್ಳುವಷ್ಟು ಆಡಿ ಉಳಿದವನು ಕೀಯಾನ್ ಬ್ರೂಕ್ಸ್ ಒಬ್ಬನೇ. ಆತನೂ ಕಾಲುನೋವಿನಿಂದ ಮೊದಲ ಒಂಬತ್ತು ಪಂದ್ಯಗಳಲ್ಲಿ ಅಂಗಳಕ್ಕಿಳಿಯಲಿಲ್ಲ.

ಹೋಟೆಲಿನಲ್ಲಿ ದುಡಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ದೋಸೆ ಹಾಕುವವನು, ಅಡಿಗೆಯ ಭಟ್ಟರು, ಸಪ್ಲಾಯರು, ಗಲ್ಲಾದವನು ಎಲ್ಲರೂ ಒಂದೇ ತಿಂಗಳಲ್ಲಿ ಬಿಟ್ಟುಹೋಗಿ, ಬೇರೆ ಬೇರೆ ಕಡೆ ಹೆಸರು ಗಳಿಸಿದ ಹೊಸಬರು ಬಂದರೆಂದು ಇಟ್ಟುಕೊಳ್ಳಿ. ಒಬ್ಬೊಬ್ಬನ ಕೈಗುಣವೂ ಸೊಗಸೇ. ಆದರೂ ಬೆಳಗಿನ ಒಂಬತ್ತರ ಗದ್ದಲದಲ್ಲಿ ಯಾವ ಮೇಜಿನ ದೋಸೆ ಯಾವ ಮೇಜಿಗೆ ಹೋದೀತೋ ದೇವರೇ ಬಲ್ಲ. ನಾಲ್ಕು ವಾರ ಜತೆಯಲ್ಲಿ ದುಡಿದರೆ ಎಲ್ಲ ಸರಿಹೋಗುವುದು. ಆ ನಾಲ್ಕು ವಾರವೇ ಸಿಗದಿದ್ದರೆ?

ಕೆಂಟಕಿಗೆ ಸಿಗಲಿಲ್ಲ. ಕರೋನಾ ಪಿಡುಗಿನ ದೆಸೆಯಿಂದ ಬೇಸಗೆಯ ಅಭ್ಯಾಸ ಕುಂಠಿತವಾಯಿತು, ಪೂರ್ವಭಾವಿ ಸ್ನೇಹಪಂದ್ಯಗಳಿಗೆ ನಿಷೇಧ ಬಂದಿತು, ಇಪ್ಪತ್ತು ಸಾವಿರದ ಅಂಗಳದಲ್ಲಿ ಕೆಲವೇ ಸಾವಿರ ಜನರಿಗೆ ಅಪ್ಪಣೆಯಾಯಿತು. ಪಿಡುಗು ಎಲ್ಲ ಕಾಲೇಜುಗಳಿಗೂ ಒಂದೇ ಅಲ್ಲವೇ ಎಂದು ಕೇಳುವವರುಂಟು. ಪಿಡುಗು ಒಂದೇ, ನಿಜ. ಆದರೆ ಮೂರು ವರುಷ ಜತೆಯಲ್ಲಿ ಆಡಿದ ತಂಡಕ್ಕೆ ತಪ್ಪಿಹೋದ ಒಂದು ಬೇಸಗೆಯೂ, ಪರಸ್ಪರ ಮುಖ ನೋಡದ ತಂಡಕ್ಕೆ ತಪ್ಪಿಹೋದ ಬೇಸಗೆಯೂ ಒಂದೇ ಆಗಲಾರದು.

ನವೆಂಬರ್ 25ರಂದು ಮೊದಲ ಪಂದ್ಯವನ್ನು 81-45ರಿಂದ ಗೆದ್ದರು. ಅನಂತರ ಸಾಲಾಗಿ ಆರು ಸೋಲು. 1911ರ ಬಳಿಕ ಇಂತಹ ಆರಂಭ ಆಗಿರಲಿಲ್ಲವೆಂದು ಪತ್ರಿಕೆಗಳು ಬರೆದವು. ಡಿಸೆಂಬರ್ 12ರಂದು ನೋಟರ್‌ಡೇಮ್ ಕಾಲೇಜಿನ ಎದುರು ಅರ್ಧ ಆಟ ಮುಗಿಯುವಾಗ ಇಪ್ಪತ್ತೆರಡು ಅಂಕ ಹಿಂದೆ ಬಿದ್ದಿದ್ದರು. ಉಳಿದರ್ಧದಲ್ಲಿ ಹುಡುಗರು ಮೈಮೇಲೆ ದೇವರು ಬಂದವರಂತೆ ಆಡಿ ಒಂದೊಂದಾಗಿ ಅಂತರವನ್ನು ಸವೆಸಿದರು. ಕೊನೆಯ ಎಸೆತ ಬುಟ್ಟಿಗೆ ಬೀಳಲಿಲ್ಲ, 64-63. ಕ್ಯಾನ್ಸಸ್ ಎದುರು ಮೂರು ಅಂಕಗಳಿಂದ, ಲೂಯಿವಿಲ್ ಎದುರು ಮೂರರಿಂದ, ಜಾರ್ಜಿಯಾ ಎದುರು ಒಂದರಿಂದ ಸೋಲು. ಬಲವಿಲ್ಲದವರು ಹೀಗೆ ಸೋಲುವುದಿಲ್ಲ. ಕಡೆಯ ಒಂದು ನಿಮಿಷದಲ್ಲಿ ಚೆಂಡು ಯಾರ ಕೈಯಲ್ಲಿರಬೇಕೆಂಬುದು ನಿಶ್ಚಯವಾಗದವರು ಹೀಗೆ ಸೋಲುತ್ತಾರೆ.

ಇನ್ನೊಂದು ಸೋಜಿಗವೂ ಉಂಟು. ಜನವರಿ 2, 2021ರಂದು ಮಿಸಿಸಿಪಿ ಸ್ಟೇಟ್ ಎದುರು ಸೋಲಿನ ಸಾಲನ್ನು ಮುರಿದವನು ಹೊರಗಿನಿಂದ ತಂದ ಪ್ರಖ್ಯಾತನಲ್ಲ. ಕೆಂಟಕಿಯದೇ ಮಣ್ಣಿನ ಹುಡುಗ, ಗಾಯಗೊಂಡು ಹಿಂದಿನ ವರುಷವೆಲ್ಲ ಕುಳಿತಿದ್ದ, ಅಲ್ಲಿಯವರೆಗೆ ಬಹುಪಾಲು ಬೆಂಚಿನಲ್ಲೇ ಇದ್ದ ಡಾಂಟೆ ಆಲೆನ್. ದೂರದಿಂದ ಎಸೆದು ಮೂರು ಮೂರರಂತೆ ಏಳು ಬಾರಿ ಬುಟ್ಟಿ ತುಂಬಿ, ಒಟ್ಟು 23 ಅಂಕ ಗಳಿಸಿದನು. ಕಣ್ಣೆದುರಿಗಿದ್ದವನನ್ನು ಕಾಣದೆ ಹೋದುದಕ್ಕೆ ತರಬೇತುದಾರರನ್ನೇ ಹೊಣೆ ಮಾಡಬೇಕು. ಜಾನಿ ಜೂಜಾಂಗ್ ಎಂಬವನಿಗೂ ಕೆಂಟಕಿಯಲ್ಲಿ ಹೆಚ್ಚು ಅವಕಾಶ ಸಿಗದೆ ಆತನು 2020ರಲ್ಲಿ ಯು.ಸಿ.ಎಲ್.ಎ. ಕಾಲೇಜಿಗೆ ಹೊರಟುಹೋಗಿದ್ದನು. ಮರು ವಸಂತದಲ್ಲಿ ಆ ತಂಡವನ್ನು ರಾಷ್ಟ್ರದ ಉಪಾಂತ್ಯ ಪಂದ್ಯದವರೆಗೆ ಒಯ್ದು, ಅಲ್ಲಿ 29 ಅಂಕ ಗಳಿಸಿದವನು ಆತನೇ. ಆಗ ಕೆಂಟಕಿಯ ಹುಡುಗರು ಅರುವತ್ತೆಂಟು ತಂಡಗಳ ಆ ಸ್ಪರ್ಧೆಗೆ ಪ್ರವೇಶವೇ ಇಲ್ಲದೆ ಮನೆಯಲ್ಲಿದ್ದರು.

ಸೋಲಿನ ಕಹಿಗೆ ರಾಜಕೀಯವೂ ಬೆರೆಯಿತು. ವಾಷಿಂಗ್ಟನ್ನಿನ ಸಂಸತ್ ಭವನಕ್ಕೆ ಗುಂಪು ನುಗ್ಗಿದ ಮೂರು ದಿನಗಳ ಮೇಲೆ, ಜನವರಿ 9ರಂದು, ಫ್ಲೋರಿಡಾದಲ್ಲಿ ರಾಷ್ಟ್ರಗೀತೆಯ ಸಮಯಕ್ಕೆ ಹುಡುಗರು ಮೊಣಕಾಲೂರಿದರು, ಕ್ಯಾಲಿಪರಿಯವರೂ ಊರಿದರು. ಆ ದಿನ ಪಂದ್ಯ ಗೆದ್ದರು. ಕೆಂಟಕಿಯ ಒಂದು ಜಿಲ್ಲೆಯ ಪೋಲೀಸು ಮುಖ್ಯರೂ ಸೆರೆಮನೆಯ ಅಧಿಕಾರಿಯೂ ತಂಡದ ಅಂಗಿಗಳಿಗೆ ಬೆಂಕಿಯಿಟ್ಟು, ಅದರ ಚಿತ್ರವನ್ನು ಊರಿಗೆಲ್ಲ ತೋರಿಸಿದರು. ಗೆದ್ದ ಹುಡುಗರಿಗೆ ಈ ಮರ್ಯಾದೆಯಾದರೆ ಸೋತವರ ಗತಿಯೇನು? ಎಲ್ಲರೂ ಹದಿನೆಂಟು ಇಪ್ಪತ್ತರ ಆಸುಪಾಸಿನವರು. ಬಹುಮಂದಿ ಮೊದಲ ಬಾರಿಗೆ ತಾಯಿಯ ಮನೆ ಬಿಟ್ಟು ಬಂದವರು.

ಮಾರ್ಚ್ 11ರಂದು ನ್ಯಾಶ್‌ವಿಲ್ಲಿನಲ್ಲಿ ಮಿಸಿಸಿಪಿ ಸ್ಟೇಟ್ ಎದುರು 74-73ರ ಸೋಲಿನೊಡನೆ ಋತು ಮುಗಿಯಿತು. ಮತ್ತೊಮ್ಮೆ ಒಂದೇ ಅಂಕ. ಮುಂದಿನ ವರುಷ ಕ್ಯಾಲಿಪರಿಯವರು ಬೇರೆ ಕಾಲೇಜುಗಳಲ್ಲಿ ಪಳಗಿದವರನ್ನು ಕರೆತಂದು ಇಪ್ಪತ್ತಾರು ಪಂದ್ಯಗಳನ್ನು ಗೆದ್ದರು. ಆದರೂ ಹಳೆಯ ಕೀರ್ತಿ ಮರಳಲಿಲ್ಲ. 2024ರಲ್ಲಿ ಅವರು ಅರ್ಕಾನ್ಸಾಸಿಗೆ ಹೊರಟುಹೋದರು.

ಆ ಋತುವಿನ ಹೊಸಬರಲ್ಲಿ ಟೆರೆನ್ಸ್ ಕ್ಲಾರ್ಕ್ ಒಬ್ಬನು. ಬಾಸ್ಟನ್ ನಗರದವನು. ಕಾಲಿನ ಗಾಯದಿಂದ ಎಂಟೇ ಪಂದ್ಯಗಳನ್ನಾಡಿ, ಎನ್.ಬಿ.ಎ.ಗೆ ಹೆಸರು ಕೊಟ್ಟು, ಅದರ ಸಿದ್ಧತೆಗಾಗಿ ಲಾಸ್ ಏಂಜಲೀಸಿಗೆ ಹೋಗಿದ್ದನು. ಅಲ್ಲಿ 2021ರ ಏಪ್ರಿಲ್ 22ರಂದು ಮೋಟಾರು ಅಪಘಾತದಲ್ಲಿ ತೀರಿಕೊಂಡನು. ವಯಸ್ಸು ಹತ್ತೊಂಬತ್ತು. ಜುಲೈ 29ರಂದು ಎನ್.ಬಿ.ಎ. ಆಯ್ಕೆಯ ರಾತ್ರಿ, ಕೂಟದ ಮುಖ್ಯಸ್ಥ ಆಡಮ್ ಸಿಲ್ವರ್ ಅವರು ಸರದಿಯನ್ನು ತಡೆದು ಕ್ಲಾರ್ಕನ ಹೆಸರನ್ನು ಕೂಗಿದರು. ಆತನ ಮನೆಯವರು ವೇದಿಕೆಯನ್ನೇರಿದರು. ಅದೇ ರಾತ್ರಿ ಆತನ ಸಂಗಡಿಗ, ಒಂದು ವರುಷದ ಹಿಂದೆ ಮೊದಲ ಸಾಲಿನಲ್ಲೇ ಆಯ್ಕೆಯಾಗುವನೆಂದು ಎಲ್ಲರೂ ಎಣಿಸಿದ್ದ ಬ್ರ್ಯಾಂಡನ್ ಬಾಸ್ಟನ್, ಐವತ್ತೊಂದನೆಯವನಾಗಿ ಆಯ್ಕೆಯಾದನು.