ಗುಜರಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿ

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ಭಾನುವಾರ ಬೆಳಗ್ಗೆ ನೆರೆಯುವ ಹಳೆಯ ಸಾಮಾನಿನ ಸಂತೆಗೆ ನಾನು ಮೊದಲ ಬಾರಿ ಹೋದದ್ದು ಬ್ಯಾಂಕಿನ ನೌಕರಿಯಿಂದ ನಿವೃತ್ತನಾದ ಮೇಲೆ, 2018ರಲ್ಲಿ. ಗೋಡೆ ಗಡಿಯಾರ ಹುಡುಕಿಕೊಂಡು ಹೋದವನು ಮನೆಗೆ ಮರಳಿದ್ದು ವ್ಯಾಕ್ಯೂಮ್ ಕ್ಲೀನರ್ ಒಂದನ್ನು ಹೊತ್ತುಕೊಂಡು. ಹೆಸರಿನ ಪಟ್ಟಿ ಅಳಿಸಿಹೋದ ಲೋಹದ ಒಡಲು, ಬಿರುಕುಬಿಟ್ಟ ವೈರು, ಸೀಳಿದ ಪೈಪು. ಮುಚ್ಚಳದ ಮೇಲೆ ಯಾವುದೋ ಮನೆಯವರು ಎಂದೋ ಒಂದು ಆಯುಧಪೂಜೆಯಂದು ಇಟ್ಟ ಕುಂಕುಮ ಮಾಸಿ ಉಳಿದಿತ್ತು. ಓಡುತ್ತದೆಯೇ ಎಂದು ವಿಚಾರಿಸಿದೆ. ಮಾರುವಾತ ನಕ್ಕು, ‘ಓಡೋ ಹಾಗಿದ್ರೆ ಇಲ್ಲಿಗ್ಯಾಕೆ ಬರ್ತಿತ್ತು ಸಾರ್?’ ಎಂದ. ಇನ್ನೂರೈವತ್ತು ರೂಪಾಯಿ ಕೊಟ್ಟು ಕೊಂಡೆ.

ಕೊಳ್ಳಲು ಕಾರಣವಿತ್ತು. 1986ರಲ್ಲಿ ನಮ್ಮ ಮನೆಗೆ ಬಂದದ್ದೂ ಇಂಥದೇ ಯಂತ್ರ. ಅದು ನಮ್ಮ ನಗರಗಳಲ್ಲಿ ಮಾರಾಟಗಾರರು ವ್ಯಾಕ್ಯೂಮ್ ಕ್ಲೀನರನ್ನು ಮನೆಬಾಗಿಲಿಗೇ ತರುತ್ತಿದ್ದ ಕಾಲ. 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್ ಈ ಬಗೆಯ ಮಾರಾಟವನ್ನು ಮನೆಮಾತಾಗಿಸಿತ್ತು. ನಮ್ಮಲ್ಲಿಗೆ ಬಂದ ಟೈ ಕಟ್ಟಿದ ಯುವಕ ಪೈಪಿನ ಬಾಯಿಗೆ ಬಿಳಿಬಟ್ಟೆ ಸಿಕ್ಕಿಸಿ, ಅಂದು ಬೆಳಗ್ಗೆಯಷ್ಟೇ ಕೊಡವಿದ್ದ ಹಾಸಿಗೆಯ ಮೇಲೆ ಆಡಿಸಿ, ಬಟ್ಟೆಗೆ ಅಂಟಿದ ಬೂದುಬಣ್ಣದ ದೂಳನ್ನು ತೋರಿಸಿದ. ಅಮ್ಮನಿಗೆ ಉಬ್ಬಸವಿತ್ತು. ಅಪ್ಪ ಬೇರೇನನ್ನೂ ಕೇಳದೆ ಕಂತಿನ ಕಾಗದಕ್ಕೆ ಸಹಿ ಹಾಕಿದರು.

ದೂಳಿಗೂ ಉಬ್ಬಸಕ್ಕೂ ಈ ಯಂತ್ರಕ್ಕೂ ಇರುವ ನಂಟು ಅದರ ಹುಟ್ಟಿನಷ್ಟೇ ಹಳೆಯದೆಂಬುದನ್ನು ನಾನು ತಿಳಿದದ್ದು ಬಹಳ ತಡವಾಗಿ. 1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ನಿರ್ಮಿಸಿದ ಯಂತ್ರ ಕುದುರೆಗಾಡಿಯ ಮೇಲೆ ಬರುವಷ್ಟು ದೊಡ್ಡದು. ಅದನ್ನು ಬೀದಿಯಲ್ಲಿ ನಿಲ್ಲಿಸಿ, ಕಿಟಕಿಯ ಮೂಲಕ ಒಳಕ್ಕೆ ಕೊಳವೆ ಹಾಯಿಸಿ ದೂಳು ಎಳೆಯುತ್ತಿದ್ದರು. ಅದನ್ನು ಮನೆಯೊಳಗೆ ತಳ್ಳಿಕೊಂಡು ಹೋಗುವಷ್ಟು ಹಗುರಗೊಳಿಸಿದವರಲ್ಲಿ ಪ್ರಮುಖ, ಅಮೆರಿಕದ ಒಹಾಯೊ ರಾಜ್ಯದ ಮಳಿಗೆಯೊಂದರಲ್ಲಿ ಕಸ ಗುಡಿಸುತ್ತಿದ್ದ ಮರ್ರೆ ಸ್ಪ್ಯಾಂಗ್ಲರ್. ಆತನಿಗೂ ಉಬ್ಬಸ. ಫ್ಯಾನಿನ ಮೋಟಾರು, ಪೊರಕೆಯ ಹಿಡಿ ಮತ್ತು ದಿಂಬಿನ ಚೀಲವನ್ನು ಜೋಡಿಸಿ ತನ್ನ ಉಸಿರನ್ನು ಕಾಪಾಡಿಕೊಳ್ಳುವ ದಾರಿ ಕಂಡುಕೊಂಡ. 1908ರಲ್ಲಿ ಪೇಟೆಂಟ್ ಪಡೆದು, ಅದನ್ನು ಚರ್ಮದ ಸರಕುಗಳ ಉದ್ಯಮಿ ವಿಲಿಯಂ ಹೂವರ್‌ಗೆ ಮಾರಿದ. ಮುಂದೆ ಜಗತ್ತಿಗೆ ಪರಿಚಯವಾದದ್ದು ಕೊಂಡವನ ಹೆಸರೇ.

ರತ್ನಗಂಬಳಿಯ ಮನೆಗಳಿಗಾಗಿ ಹುಟ್ಟಿದ ಯಂತ್ರ ನಮ್ಮ ರೆಡ್‌ಆಕ್ಸೈಡ್ ನೆಲಕ್ಕೆ ಬಂದಾಗ ಅದರ ಸ್ಥಾನ ಏನೆಂಬುದು ಸ್ಪಷ್ಟವಾಗಲಿಲ್ಲ. ಹಲವು ಮನೆಗಳಲ್ಲಿ ಪೊರಕೆ, ಒರೆಸುವ ಬಟ್ಟೆ ಎಂದಿನಂತೆ ನಡೆದವು. ಯಂತ್ರ ಅಟ್ಟ ಸೇರಿತು. ಹಬ್ಬಕ್ಕೊಮ್ಮೆ ಕೆಳಗಿಳಿದು ಜೇಡರಬಲೆ ತೆಗೆದು ಮತ್ತೆ ಮೇಲೇರಿತು. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಅಮ್ಮ ಪ್ರತಿ ಶನಿವಾರ ತಪ್ಪದೆ ಹಾಸಿಗೆ, ಪರದೆ, ಪುಸ್ತಕದ ಬೀರುಗಳ ದೂಳು ತೆಗೆಯುತ್ತಿದ್ದರು. 2001ರ ಸುಮಾರಿಗೆ ಯಂತ್ರ ತಡವರಿಸತೊಡಗಿತು. ಗುಂಡಿ ಒತ್ತಿದರೆ ಒಮ್ಮೆ ಓಡುವುದು, ಒಮ್ಮೆ ಇಲ್ಲ. ಪಕ್ಕಕ್ಕೆ ತಟ್ಟಿದರೆ ಮತ್ತೆ ಓಡುವುದು. ಕಡೆಗೊಂದು ದಿನ ಪೂರ್ತಿ ನಿಂತಿತು. ಬಡಾವಣೆಯ ರಿಪೇರಿ ಅಂಗಡಿಯ ಹುಡುಗ ಅದನ್ನು ಬಿಚ್ಚದೆಯೇ, ‘ಮೋಟಾರ್ ಹೋಗಿದೆ, ಹಳೇ ಮಾಡೆಲ್ಲು, ಪಾರ್ಟ್ಸ್ ಸಿಗಲ್ಲ’ ಎಂದ. ‘ಇನ್ನೊಬ್ಬರಿಗೆ ತೋರಿಸೋ’ ಎಂದು ಅಮ್ಮ ಎರಡು ಮೂರು ಬಾರಿ ಹೇಳಿದರು. ನನಗೆ ಪುರುಸೊತ್ತಿರಲಿಲ್ಲ. ತೂಕದ ಲೆಕ್ಕದಲ್ಲಿ ಗುಜರಿಯವನಿಗೆ ಕೊಟ್ಟೆ; ಅರವತ್ತು ರೂಪಾಯಿ ಬಂತು. ಹೊಸದನ್ನು ಕೊಳ್ಳೋಣವೆಂದರೆ ಅಮ್ಮ ಒಪ್ಪಲಿಲ್ಲ. ಮೂಗಿಗೆ ಸೆರಗು ಕಟ್ಟಿಕೊಂಡು ಮತ್ತೆ ಪೊರಕೆ ಹಿಡಿದರು. 2009ರಲ್ಲಿ ತೀರಿಕೊಂಡರು.

ಸಂತೆಯಿಂದ ತಂದ ಯಂತ್ರವನ್ನು ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ಮೋಟಾರು ರೀವೈಂಡಿಂಗ್ ಮಾಡುವ ವೃದ್ಧರ ಬಳಿಗೆ ಒಯ್ದೆ. ಅವರು ಮೊದಲು ಚೀಲ ತೆಗೆಯಿಸಿದರು. ಒಳಗೆ ಯಾವ ಕಾಲದ್ದೋ ದೂಳು ಹೆಪ್ಪುಗಟ್ಟಿ ಒಣಗಿದ ಸಗಣಿಯಂತಾಗಿತ್ತು. ಈ ಬಗೆಯ ಯಂತ್ರದಲ್ಲಿ ಮೋಟಾರು ತಂಪಾಗುವುದು ತಾನು ಎಳೆದುಕೊಂಡ ಗಾಳಿಯಿಂದಲೇ ಎಂದು ಅವರು ವಿವರಿಸಿದರು. ಚೀಲ ಕಟ್ಟಿಕೊಂಡರೆ ಗಾಳಿಯ ದಾರಿ ಮುಚ್ಚುತ್ತದೆ, ತಳ್ಳಲು ಗಾಳಿಯಿಲ್ಲದ ಫ್ಯಾನು ಇನ್ನಷ್ಟು ವೇಗವಾಗಿ ತಿರುಗುತ್ತದೆ, ಸದ್ದು ಕೀರಲಾಗುತ್ತದೆ. ಯಂತ್ರ ಜೋರಾಗಿ ಕೆಲಸ ಮಾಡುತ್ತಿದೆ ಎಂದು ನಾವು ಸಂತೋಷಪಡುವ ಆ ಹೊತ್ತಿನಲ್ಲೇ ಅದು ಕೆಲಸವಿಲ್ಲದೆ ಕಾಯುತ್ತಿರುತ್ತದೆ.

ಬಳಿಕ ಸೀರೀಸ್ ಲ್ಯಾಂಪ್ ತೆಗೆದರು. ವಿದ್ಯುತ್ತಿನ ದಾರಿಯಲ್ಲಿ ಸಾಮಾನ್ಯ ಬಲ್ಬೊಂದನ್ನು ಸೇರಿಸಿ ಮಾಡಿಕೊಂಡ, ನಮ್ಮ ಎಲೆಕ್ಟ್ರಿಷಿಯನ್ನರ ಅತ್ಯಂತ ಅಗ್ಗದ ಪರೀಕ್ಷಾ ಸಾಧನವದು. ಒಂದು ತುದಿಯನ್ನು ಮೋಟಾರಿಗೂ ಇನ್ನೊಂದನ್ನು ಲೋಹದ ಒಡಲಿಗೂ ಮುಟ್ಟಿಸಿದರು. ಬಲ್ಬು ಉರಿಯಲಿಲ್ಲ, ಅಂದರೆ ಮೈಗೆ ವಿದ್ಯುತ್ ಸೋರುತ್ತಿಲ್ಲ. ಮೋಟಾರಿನ ಎರಡೂ ತುದಿಗಳಿಗೆ ಮುಟ್ಟಿಸಿದರು. ಆಗಲೂ ಉರಿಯಲಿಲ್ಲ, ಅಂದರೆ ಒಳಗೆ ಎಲ್ಲೋ ದಾರಿ ಕಡಿದಿದೆ. ಒಣಗಿದ ಬಿದಿರುಕಡ್ಡಿಯಿಂದ ಒಳಗಿನ ಪುಟ್ಟ ಕಪ್ಪು ತುಂಡೊಂದನ್ನು ಮೆಲ್ಲನೆ ಒತ್ತಿದರು. ಬಲ್ಬು ಹತ್ತಿತು. ‘ಮೋಟಾರು ಸುಟ್ಟಿಲ್ಲ ಸಾರ್. ಕಾರ್ಬನ್ ಸವೆದಿದೆ, ಅಷ್ಟೇ.’ (ಇದು ನುರಿತವರ ಕೆಲಸ, ಓದುಗರು ಮನೆಯಲ್ಲಿ ಪ್ರಯತ್ನಿಸಬಾರದು.)

ವ್ಯಾಕ್ಯೂಮ್ ಕ್ಲೀನರಿನಲ್ಲಿರುವುದು ಮಿಕ್ಸಿಯ ಜಾತಿಯದೇ ಮೋಟಾರು. ನಿಮಿಷಕ್ಕೆ 20,000 ಸುತ್ತಿನ ಆಸುಪಾಸಿನಲ್ಲಿ ತಿರುಗುವ ಅದರ ನಡುಭಾಗಕ್ಕೆ ವಿದ್ಯುತ್ ಮುಟ್ಟಿಸುವುದು ಎರಡು ಕಾರ್ಬನ್ ತುಂಡುಗಳು. ಹಿಂದಿನಿಂದ ಸ್ಪ್ರಿಂಗ್ ಒತ್ತುತ್ತಿರುತ್ತದೆ. ಅವು ಉಜ್ಜಿಕೊಂಡು ಸವೆಯುತ್ತಾ ಹೋಗುತ್ತವೆ. ಬೆಲೆಬಾಳುವ ತಾಮ್ರದ ಭಾಗ ಉಳಿಯಲೆಂದು ಅಗ್ಗದ ಇವು ಸವೆಯಬೇಕೆಂಬುದೇ ವಿನ್ಯಾಸದ ಉದ್ದೇಶ. ತೀರಾ ಗಿಡ್ಡವಾದಾಗ ಸ್ಪರ್ಶ ತಪ್ಪುತ್ತದೆ. ತಟ್ಟಿದರೆ ಓಡುತ್ತದೆ, ಮತ್ತೆ ನಿಲ್ಲುತ್ತದೆ.

ಈ ಮಾತು ಕೇಳಿದಾಗ ನಾನು ಕೆಲಹೊತ್ತು ಸುಮ್ಮನಿದ್ದೆ. ಅಮ್ಮನ ಯಂತ್ರದ ಲಕ್ಷಣವೂ ಅದೇ ಆಗಿತ್ತು.

ಆ ಮಾದರಿಯ ಕಾರ್ಬನ್ ಎಲ್ಲೂ ಸಿಗುವುದಿಲ್ಲ ಎಂಬುದು ನಿಜ. ಆದರೆ ಹಿರಿಯರು ಡಬ್ಬಿಯಿಂದ ತುಸು ದಪ್ಪನೆಯ ಮಿಕ್ಸಿ ಕಾರ್ಬನ್ ಆರಿಸಿ, ಉಪ್ಪುಕಾಗದದ ಮೇಲೆ ನಾಲ್ಕೂ ಬದಿ ಉಜ್ಜಿ, ಗೂಡಿನಲ್ಲಿ ಸಲೀಸಾಗಿ ಜಾರುವಷ್ಟು ತೆಳುಗೊಳಿಸಿದರು. ತಾಮ್ರದ ಭಾಗದ ಕಪ್ಪು ಒರೆಸಿ, ವೈರು ಬದಲಿಸಿದರು. ಪೈಪಿನ ಸೀಳಿಗೆ ಟೇಪು ಸುತ್ತಿದರು. ಗುಂಡಿ ಒತ್ತಿದಾಗ ಮೊದಲು ಸುಟ್ಟ ವಾಸನೆ, ನಂತರ ಹಳೆಯ ಶನಿವಾರಗಳ ಸದ್ದು. ಕಾರ್ಬನ್ ಜೋಡಿಗೆ ಐವತ್ತು ರೂಪಾಯಿಯೂ ಆಗಿರಲಿಲ್ಲ. ಕೂಲಿ ಎಷ್ಟೆಂದು ಕೇಳಿದರೆ ನೂರೈವತ್ತು ಎಂದರು; ನಾನು ಐನೂರು ಕೊಟ್ಟಾಗ ಚಿಲ್ಲರೆ ಹಿಂದಿರುಗಿಸಿದರು.

ಆಮೇಲೆ ಇಂಥ ಆರು ಯಂತ್ರಗಳನ್ನು ಸಂತೆಯಿಂದ ತಂದಿದ್ದೇನೆ. ಬಿಚ್ಚುವುದು, ಬೇರಿಂಗ್ ನೋಡುವುದು, ಕಾರ್ಬನ್ ಉಜ್ಜುವುದು ಅವರಿಂದಲೇ ಕಲಿತೆ. ಆರರಲ್ಲಿ ನಿಜವಾಗಿ ಮೋಟಾರು ಸುಟ್ಟಿದ್ದದ್ದು ಒಂದು ಮಾತ್ರ. ಉಳಿದವು ನಿಂತದ್ದು ತುಂಬಿದ ಚೀಲ, ಸವೆದ ಕಾರ್ಬನ್, ಸ್ವಿಚ್ಚಿನ ಬಳಿ ತುಂಡಾದ ತಂತಿಯಂಥ ಸಣ್ಣ ಕಾರಣಗಳಿಂದ. ಅವು ಸವೆದು ಸತ್ತಿರಲಿಲ್ಲ. ಯಾರೂ ಒಳಗೆ ಇಣುಕದೆ ಗುಜರಿ ಸೇರಿದ್ದವು. ವರ್ಷಕ್ಕೊಮ್ಮೆ ಕುಂಕುಮವಿಟ್ಟು ಕೈಮುಗಿಯುವ ನಾವು ಮುಚ್ಚಳ ತೆಗೆದು ನೋಡುವ ಗೋಜಿಗೆ ಹೋಗುವುದಿಲ್ಲ.

ತಪ್ಪು ನಮ್ಮದು ಮಾತ್ರವಲ್ಲ. ಹಳೆಯ ಯಂತ್ರಗಳ ಒಡಲನ್ನು ನಾಲ್ಕು ಸ್ಕ್ರೂ ಬಿಚ್ಚಿ ತೆರೆಯಬಹುದಿತ್ತು. ಇಂದಿನ ಎಷ್ಟೋ ವಸ್ತುಗಳನ್ನು ಒಡೆಯದೆ ತೆರೆಯಲಾಗದು. ಐರೋಪ್ಯ ಒಕ್ಕೂಟ 2013ರಲ್ಲಿ ರೂಪಿಸಿದ ನಿಯಮ, ವ್ಯಾಕ್ಯೂಮ್ ಕ್ಲೀನರಿನ ಮೋಟಾರು ಕನಿಷ್ಠ 500 ಗಂಟೆ ಬಾಳಬೇಕೆಂದು ವಿಧಿಸಿತು. ವಾರಕ್ಕೊಂದು ಗಂಟೆ ಬಳಸಿದರೆ ಸುಮಾರು ಹತ್ತು ವರ್ಷ. 2024ರಲ್ಲಿ ಅದೇ ಒಕ್ಕೂಟ ಅಂಗೀಕರಿಸಿದ ರಿಪೇರಿ ಹಕ್ಕಿನ ನಿರ್ದೇಶನದಲ್ಲೂ ಈ ಯಂತ್ರಕ್ಕೆ ಸ್ಥಾನ ಸಿಕ್ಕಿತು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ರಚಿಸಿತು. ಅದೇ ಡಿಸೆಂಬರ್‌ನಲ್ಲಿ ಜಾಲತಾಣವೊಂದಕ್ಕೆ ಚಾಲನೆ ನೀಡಿತು. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಇವೆಲ್ಲ ಸ್ವಾಗತಾರ್ಹ. ಆದರೆ ಯಂತ್ರವನ್ನು ಕರಗಿಸಿ ತಾಮ್ರ ತೆಗೆಯುವುದು ಬೇರೆ, ಅದನ್ನು ಮತ್ತೆ ಓಡಿಸುವುದು ಬೇರೆ. ಎರಡನೆಯದಕ್ಕೆ ಬಿಡಿಭಾಗ ಬೇಕು. ಬಿಡಿಭಾಗ ಸಿಗದಿದ್ದಾಗ ಉಜ್ಜಿ ಹೊಂದಿಸುವ ಕೈ ಬೇಕು.

ಆ ಕೈಗಳು ಕಡಿಮೆಯಾಗುತ್ತಿವೆ. ಚಾಮರಾಜಪೇಟೆಯ ಹಿರಿಯರ ಮಗ ಬೇರೆ ಉದ್ಯೋಗ ಹಿಡಿದಿದ್ದಾರೆ. ಅದನ್ನು ಆಕ್ಷೇಪಿಸಲು ನನಗೆ ಹಕ್ಕಿಲ್ಲ: ಅರ್ಧ ದಿನದ ಕುಶಲತೆಗೆ ನೂರೈವತ್ತು ರೂಪಾಯಿ ಕೊಡುವ ಸಮಾಜ, ಅದೇ ಕಸುಬನ್ನು ಮುಂದುವರಿಸೆಂದು ಯಾರಿಗೆ ಹೇಳೀತು? ರಿಪೇರಿಗೆ ಹಕ್ಕು ಕೇಳುವ ನಾವು ರಿಪೇರಿಯವರಿಗೆ ಸಲ್ಲಬೇಕಾದ ಕೂಲಿಯ ಬಗ್ಗೆಯೂ ಯೋಚಿಸಬೇಕು.

ಕುಂಕುಮದ ಬೊಟ್ಟಿನ ಯಂತ್ರ ಈಗ ನಮ್ಮ ಮನೆಯಲ್ಲಿದೆ. ಶನಿವಾರಗಳಂದು ನಾನೇ ಓಡಿಸುತ್ತೇನೆ. ಆ ಹಳೆಯ ಬೊಟ್ಟನ್ನು ಒರೆಸಿಲ್ಲ. ಆಯುಧಪೂಜೆಯಂದು ಅದರ ಪಕ್ಕದಲ್ಲಿ ನಮ್ಮದೊಂದನ್ನು ಇಡುತ್ತೇವೆ. ಅದಕ್ಕೂ ಮೊದಲು ಮುಚ್ಚಳ ತೆಗೆದು, ಚೀಲ ಕೊಡವಿ, ಕಾರ್ಬನ್ ಎಷ್ಟು ಉಳಿದಿದೆಯೆಂದು ನೋಡುತ್ತೇನೆ.